ವಾಡಿಕೆಯ ಚಳಿ ಎಂದರೆ ಯಾವ ವರ್ಷದ ಚಳಿ?

ಮಲೆನಾಡಿನ ಮನೆಗಳಲ್ಲಿ ಮಾಗಿಯ ಚಳಿಗೆ ತನ್ನದೇ ಆದ ದಿನಚರಿಯಿತ್ತು. ದೀಪಾವಳಿ ಕಳೆದು ಗದ್ದೆಯ ಪೈರು ಹಳದಿಗೆ ತಿರುಗುವ ಹೊತ್ತಿಗೆ ಪೆಟ್ಟಿಗೆಯೊಳಗಿನ ಕಂಬಳಿಗಳು ಬಿಸಿಲಿಗೆ ಬರುತ್ತಿದ್ದವು. ಬಚ್ಚಲ ಒಲೆಯ ಮುಂದಿನ ಜಾಗಕ್ಕಾಗಿ ಮಕ್ಕಳು ಜಗಳವಾಡುತ್ತಿದ್ದರು. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಹೊರಟವರ ಉಸಿರು ಹೊಗೆಯಂತೆ ಕಣ್ಣಿಗೆ ಕಾಣುತ್ತಿತ್ತು. ಶಿವರಾತ್ರಿ ಬಂದರೆ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬ ಮಾತು ಹುಟ್ಟಿದ್ದು, ಅಲ್ಲಿಯವರೆಗೂ ಅದು ಗಟ್ಟಿಯಾಗಿ ಕುಳಿತಿರುತ್ತಿತ್ತು ಎಂಬ ನಂಬಿಕೆಯಿಂದಲೇ. ಈಗ ಊರಿನ ಯಾವ ಜಗಲಿಯ ಮೇಲೆ ಕುಳಿತರೂ ಕೇಳಿಬರುವುದು ಬೇರೆಯೇ ಮಾತು: ಚಳಿ ಮೊದಲಿನಂತಿಲ್ಲ, ಡಿಸೆಂಬರಿನಲ್ಲಿಯೂ ಮೋಡ ಕವಿಯುತ್ತದೆ, ಅಂಗಳದಲ್ಲಿ ಹರಡಿದ ಅಡಿಕೆಯನ್ನು ರಾಶಿ ಮಾಡಿ ಒಳಗೆ ಸಾಗಿಸುವುದೇ ಕೆಲಸವಾಗಿದೆ.

ಈ ಮಾತು ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ ನಿಜ? ಮಲೆನಾಡಿನ ಪರಿಸರ ಚಿಂತನೆಯಲ್ಲಿ ತೊಡಗಿರುವವರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾದ ಕಾಲ ಬಂದಿದೆ. ಹವಾಮಾನ ಬದಲಾವಣೆಯ ಕುರಿತು ಸಭೆಗಳು ನಡೆಯುತ್ತವೆ, ಮನವಿಗಳು ಸಲ್ಲಿಕೆಯಾಗುತ್ತವೆ. ಆದರೆ ‘ನಿಮ್ಮ ಊರಿನಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಜನವರಿಯ ಮುಂಜಾವಿನ ಉಷ್ಣಾಂಶ ಎಷ್ಟು ಬದಲಾಗಿದೆ?’ ಎಂದು ಯಾರಾದರೂ ಕೇಳಿದರೆ ತೆಗೆದು ತೋರಿಸಲು ಬಹುತೇಕ ಊರುಗಳಲ್ಲಿ ಒಂದು ಹಾಳೆಯೂ ಇಲ್ಲ. ಇರುವುದು ನೆನಪು ಮಾತ್ರ.

ನೆನಪನ್ನು ಹಗುರವಾಗಿ ಕಾಣಬೇಕಾಗಿಲ್ಲ. ಬಿತ್ತನೆಯಿಂದ ಕೊಯ್ಲಿನವರೆಗಿನ ಕೃಷಿಯೆಲ್ಲ ಅದರ ಮೇಲೆಯೇ ನಿಂತು ಬಂದಿದೆ. ಆದರೂ ಅದಕ್ಕೊಂದು ಸ್ವಭಾವವಿದೆ. ಅದು ಅತಿ ಚಳಿಯ ಒಂದೆರಡು ಮುಂಜಾವುಗಳನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ಹೆಚ್ಚೇನೂ ಚಳಿಯಿಲ್ಲದ ಉಳಿದ ಅರವತ್ತು ಮುಂಜಾವುಗಳನ್ನು ಬಿಟ್ಟುಬಿಡುತ್ತದೆ. ಇದಲ್ಲದೆ ಬಾಲ್ಯದಲ್ಲಿ ಸ್ವೆಟರ್ ಇಲ್ಲದೆ, ಹಂಚಿನ ಸಂದಿಯಿಂದ ಗಾಳಿ ನುಗ್ಗುವ ಮನೆಯಲ್ಲಿ ಅನುಭವಿಸಿದ ಚಳಿಗೂ ಇಂದು ಗಾರೆಯ ಮನೆಯ ಮುಚ್ಚಿದ ಕೋಣೆಯಲ್ಲಿ ಅನುಭವಿಸುವ ಚಳಿಗೂ ಇರುವ ಅಂತರವೆಲ್ಲ ಹವಾಮಾನದ್ದಲ್ಲ. ಸ್ವಲ್ಪ ಭಾಗ ಮನೆಯದು, ಸ್ವಲ್ಪ ವಯಸ್ಸಿನದು. ಲಿಖಿತ ದಾಖಲೆಯೊಂದೇ ಎಲ್ಲ ಮುಂಜಾವುಗಳನ್ನೂ ಸಮಾನವಾಗಿ ಎಣಿಸುತ್ತದೆ.

ಆದರೆ ದಾಖಲೆಯೂ ತನ್ನಷ್ಟಕ್ಕೆ ತಾನೇ ಸತ್ಯ ನುಡಿಯುವುದಿಲ್ಲ ಎಂಬುದು ಅಷ್ಟೇ ಮುಖ್ಯ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು ದಾಖಲಾದದ್ದು 1884ರ ಜನವರಿ 13ರಂದು. ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಪತ್ರಿಕೆಗಳು ಈ ಅಂಕಿಯನ್ನು ಎತ್ತಿ ತೋರಿಸುತ್ತವೆ. ಅಂದು ಮಾಪಕದ ಸುತ್ತ ಇದ್ದದ್ದು ಮರಗಿಡ, ಬಯಲು, ಕೆರೆಗಳ ಒಂದು ಸಣ್ಣ ಊರು. ಇಂದು ಅದೇ ಊರಿನ ಕಾಂಕ್ರೀಟು ಮತ್ತು ಡಾಂಬರು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿಯಿಡೀ ಹೊರಬಿಡುತ್ತವೆ. ಹಾಗಾಗಿ 1884ರ ಅಂಕಿಯ ಪಕ್ಕದಲ್ಲಿ ಇಂದಿನ ಅಂಕಿಯನ್ನಿಟ್ಟು ‘ಭೂಮಿ ಇಷ್ಟು ಬಿಸಿಯಾಯಿತು’ ಎನ್ನುವುದು ಸರಿಯಾಗದು. ಅದರಲ್ಲಿ ಎಷ್ಟು ಪಾಲು ಭೂಮಿಯದು, ಎಷ್ಟು ಪಾಲು ನಗರದ್ದು ಎಂಬುದನ್ನು ಬೇರ್ಪಡಿಸಬೇಕಾಗುತ್ತದೆ. ಇದೇ ಕಾರಣಕ್ಕೆ ನಗರವಾಗದೆ ಉಳಿದ ಹಳ್ಳಿಯೊಂದರ ಐವತ್ತು ವರ್ಷಗಳ ಸಾಧಾರಣ ದಾಖಲೆಯು ಮಹಾನಗರದ ನೂರೈವತ್ತು ವರ್ಷಗಳ ದಾಖಲೆಯಷ್ಟೇ ಬೆಲೆಯುಳ್ಳದ್ದು.

ಚಳಿಗಾಲದ ಲೆಕ್ಕವನ್ನು ಹೇಗೆ ಇಡಬೇಕು, ಇಟ್ಟ ಲೆಕ್ಕವನ್ನು ಹೇಗೆ ಓದಬೇಕು ಎಂಬುದಕ್ಕೆ ಈ ದೇಶದಲ್ಲಿಯೇ ಒಂದು ದೀರ್ಘವಾದ ಉದಾಹರಣೆಯಿದೆ. ಅದು ಹಿಮಾಲಯದ ಹಿಮದ್ದು. ಹಿಮವನ್ನೇ ಕಾಣದ ಮಲೆನಾಡಿಗೆ ಅದರಿಂದೇನು ಎಂದು ಅನ್ನಿಸಬಹುದು. ಆದರೆ ಹಿಮವನ್ನು ಅಳೆದು ಬರೆದಿಡುವ ಕೆಲಸಕ್ಕೆ ಪ್ರೇರಣೆಯಾದ ಸಂಕಟದಲ್ಲಿ ಕನ್ನಡ ನಾಡಿನ ಪಾಲು ದೊಡ್ಡದಾಗಿತ್ತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ನಲುಗಿಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಕೈಕೊಡುವುದನ್ನು ಮುಂಚಿತವಾಗಿ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಸರ್ಕಾರದ ಮುಂದೆ ತೀವ್ರವಾಗಿ ಬಂದದ್ದು ಆಗ. 1875ರಲ್ಲಷ್ಟೇ ಸ್ಥಾಪನೆಯಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಉತ್ತರಕ್ಕಾಗಿ ಹಿಮಾಲಯದ ಕಡೆ ನೋಡಿದರು. ಚಳಿಗಾಲ ಮತ್ತು ವಸಂತದಲ್ಲಿ ಅಲ್ಲಿ ಅತಿಯಾಗಿ ಹಿಮ ಬಿದ್ದ ವರ್ಷಗಳಲ್ಲಿ ನೆಲವೂ ಗಾಳಿಯೂ ತಣ್ಣಗಾಗಿ, ಒಣಗಾಳಿ ಬಯಲು ಸೀಮೆಗೆ ಇಳಿದು, ಮುಂಗಾರು ದುರ್ಬಲವಾಗುತ್ತದೆ ಎಂದು ಅವರು 1884ರಲ್ಲಿ ವಾದಿಸಿದರು. 1886ರ ಜೂನ್ 4ರಂದು ಮುಂಗಾರಿನ ಮುನ್ಸೂಚನೆಗಳ ಸರಣಿಯೇ ಆರಂಭವಾಯಿತು. ಪಶ್ಚಿಮ ಘಟ್ಟದ ಮಳೆಯನ್ನು ಮೊದಲೇ ಹೇಳಲು ಹಿಮಾಲಯದ ಚಳಿಗಾಲವನ್ನು ಓದಬೇಕು ಎಂಬ ಆಲೋಚನೆಗೆ ಹೀಗೆ ಒಂದೂಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಮುಂದೆ ನಡೆದದ್ದು ಇನ್ನೂ ಪಾಠವಾಗುವಂಥದ್ದು. 1899ರಲ್ಲಿ ಮಳೆ ಚೆನ್ನಾಗಿ ಆಗುವುದೆಂದು ಇಲಾಖೆ ಹೇಳಿತು. ಆದದ್ದು ಭೀಕರ ಬರ. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಗಣಿತಜ್ಞರು. ಅವರು ಹಿಮವೊಂದನ್ನೇ ನಂಬದೆ, ದೂರದ ದೇಶಗಳ ವಾಯುಭಾರದಂಥ ಇತರ ಅಂಶಗಳನ್ನು ಅದರೊಂದಿಗೆ ಸೇರಿಸಿ ಸೂತ್ರ ರಚಿಸಿದರು. ಉಪಗ್ರಹಗಳು ಬಂದ ಮೇಲೆ, 1976ರಲ್ಲಿ, ಹಾನ್ ಮತ್ತು ಜಗದೀಶ್ ಶುಕ್ಲಾ ಅವರು ಯುರೇಷ್ಯಾ ಭೂಭಾಗದ ಹಿಮದ ಹಾಸಿಗೂ ಭಾರತದ ಮುಂಗಾರಿಗೂ ವಿಲೋಮ ಸಂಬಂಧವಿರುವುದನ್ನು ತೋರಿಸಿದಾಗ ಬ್ಲ್ಯಾನ್‌ಫೋರ್ಡರ ಮಾತಿಗೆ ಮತ್ತೆ ಜೀವ ಬಂತು. ನಂತರದ ದಶಕಗಳಲ್ಲಿ ಆ ಸಂಬಂಧ ಒಂದೇ ಸಮನಾಗಿ ಉಳಿಯಲಿಲ್ಲ. ಆದರೂ ಆ ಪ್ರಶ್ನೆಯನ್ನು ಇಂದಿಗೂ ಕೇಳಲು, ಉತ್ತರವನ್ನು ತಿದ್ದಲು ಸಾಧ್ಯವಾಗಿರುವುದು ಬೆಟ್ಟದೂರುಗಳಿಂದ ಯಾರೋ ಪ್ರತಿ ಚಳಿಗಾಲದಲ್ಲಿ ಹಿಮದ ವರದಿಯನ್ನು ಬರೆದು ಕಳುಹಿಸುತ್ತಿದ್ದುದರಿಂದ. ಸಿದ್ಧಾಂತ ಸೋತಾಗಲೂ ದಾಖಲೆ ವ್ಯರ್ಥವಾಗಲಿಲ್ಲ.

ಆ ಹಳೆಯ ದಾಖಲೆಗಳಿಂದ ಈಚೆಗೆ ಏನು ತಿಳಿಯಿತು ಎಂಬುದು ಮಲೆನಾಡಿನ ಓದುಗರಿಗೆ ಹೆಚ್ಚು ಮುಖ್ಯ. ಎಂ. ಆರ್. ಭೂತಿಯಾನಿ ಮತ್ತು ಅವರ ಸಹೋದ್ಯೋಗಿಗಳು ವಾಯವ್ಯ ಹಿಮಾಲಯದ ಹಳೆಯ ಕೇಂದ್ರಗಳ ಅಂಕಿಗಳನ್ನು ಕಲೆಹಾಕಿ, 20ನೇ ಶತಮಾನದಲ್ಲಿ ಅಲ್ಲಿನ ಉಷ್ಣಾಂಶ ಸುಮಾರು 1.6 ಡಿಗ್ರಿಯಷ್ಟು ಏರಿದೆಯೆಂದು, ಉಳಿದ ಋತುಗಳಿಗಿಂತ ಚಳಿಗಾಲವೇ ವೇಗವಾಗಿ ಬಿಸಿಯಾಗುತ್ತಿದೆಯೆಂದು 2007ರಲ್ಲಿ ಪ್ರಕಟಿಸಿದರು. 1866ರಿಂದ 2006ರವರೆಗಿನ ಮಳೆ ಮತ್ತು ಹಿಮದ ಲೆಕ್ಕವನ್ನು ತೆಗೆದಾಗ ಮತ್ತೊಂದು ಸಂಗತಿ ಹೊರಬಿತ್ತು. ಚಳಿಗಾಲದಲ್ಲಿ ಆಕಾಶದಿಂದ ಬೀಳುವ ಒಟ್ಟು ನೀರಿನ ಪ್ರಮಾಣ ಅಲ್ಲಿ ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಕಡಿಮೆಯಾಗುತ್ತಿದ್ದದ್ದು ಅದರಲ್ಲಿ ಹಿಮದ ಪಾಲು. ಹಿಂದೆ ಹಿಮವಾಗಿ ಬೀಳುತ್ತಿದ್ದ ನೀರು ಈಗ ಮಳೆಯಾಗಿ ಬೀಳುತ್ತಿತ್ತು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಅಲ್ಲಿನ ರೈತರು ಬಲ್ಲರು. ಹಿಮವಾಗಿ ಬಿದ್ದ ನೀರು ಬೆಟ್ಟದ ಮೇಲೆಯೇ ತಿಂಗಳುಗಟ್ಟಲೆ ನಿಂತು, ಬೇಸಿಗೆಯಲ್ಲಿ ನಿಧಾನವಾಗಿ ಕರಗಿ ಮಣ್ಣಿಗೂ ತೊರೆಗೂ ಇಳಿಯುತ್ತದೆ. ಮಳೆಯಾಗಿ ಬಿದ್ದದ್ದು ಅಂದೇ ಹರಿದುಹೋಗುತ್ತದೆ. ಹಿಮಾಚಲದ ಸೇಬು ಬೆಳೆಗಾರರು ಹಿಮವನ್ನು ‘ಬಿಳಿ ಗೊಬ್ಬರ’ ಎಂದೇ ಕರೆಯುತ್ತಾರೆ. ಕೋಟ್‌ಗಢದಲ್ಲಿ ಸತ್ಯಾನಂದ ಸ್ಟೋಕ್ಸ್ ಅವರು ಒಂದು ಶತಮಾನದ ಹಿಂದೆ ತಂದು ನೆಟ್ಟ ಡೆಲಿಷಸ್ ತಳಿಯ ಸೇಬಿನ ಮೊಗ್ಗು ಸರಿಯಾಗಿ ಅರಳಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶ ಸಾವಿರ ಗಂಟೆಗಳಿಗೂ ಹೆಚ್ಚು ಕಾಲ ದೊರೆಯಬೇಕು. ಆ ಗಂಟೆಗಳು ದೊರೆಯದ ಕೆಳಗಿನ ಕಣಿವೆಗಳಲ್ಲಿ ಸೇಬಿನ ಬದಲು ಬೇರೆ ಹಣ್ಣುಗಳು ಬಂದಿವೆ. ಒಂದು ಕಾಲದಲ್ಲಿ ಸೇಬಿಗೆ ವಿಪರೀತ ಚಳಿಯೆನಿಸಿದ್ದ ಲಾಹೌಲ್ ಮತ್ತು ಕಿನ್ನೌರಿನ ಎತ್ತರಗಳಿಗೆ ಸೇಬು ಹತ್ತಿದೆ. ‘ಹಿಮ ಕಡಿಮೆಯಾಗಿದೆ’ ಎಂಬ ಒಂದು ಸಾಲಿನ ದೂರಿನ ಹಿಂದೆ ಇಷ್ಟೊಂದು ವಿವರಗಳಿದ್ದವು. ಅಳೆದು ಬರೆದವರಿಲ್ಲದಿದ್ದರೆ ಅವು ತಿಳಿಯುತ್ತಿರಲಿಲ್ಲ.

ಹಿಮವನ್ನು ಅಳೆಯುವ ಕ್ರಮವೂ ಸರಳವಾದದ್ದೇ. ಸಮತಟ್ಟಾದ ಬಿಳಿಯ ಹಲಗೆಯೊಂದನ್ನು ಬಯಲಿನಲ್ಲಿಟ್ಟು, ಅದರ ಮೇಲೆ ಕೂಡಿದ ಹೊಸ ಹಿಮದ ಆಳವನ್ನು ಅಳತೆಪಟ್ಟಿಯಿಂದ ನೋಡುತ್ತಾರೆ. ಬಳಿಕ ಆ ಹಿಮವನ್ನು ಕರಗಿಸಿ ನೀರೆಷ್ಟೆಂದು ಅಳೆಯುತ್ತಾರೆ. ಈ ಎರಡನೆಯ ಅಳತೆಯಿಲ್ಲದಿದ್ದರೆ ಲೆಕ್ಕ ಅಪೂರ್ಣ. ಹಗುರವಾದ ಒಣಹಿಮದ ಒಂದು ಅಡಿಯಲ್ಲಿಯೂ ಒದ್ದೆಹಿಮದ ಒಂದು ಅಡಿಯಲ್ಲಿಯೂ ಇರುವ ನೀರು ಒಂದೇ ಅಲ್ಲ.

ಯಾವ ದಿನ ಬಿತ್ತು ಎಂಬುದೂ ಎಷ್ಟು ಬಿತ್ತು ಎಂಬುದರಷ್ಟೇ ಮುಖ್ಯ. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಿನ ಇಳಿಜಾರುಗಳು ಹಿಮವಿಲ್ಲದೆ ಬರಿದಾಗಿ ನಿಂತ ಚಿತ್ರಗಳನ್ನು ದೇಶವೆಲ್ಲ ನೋಡಿತು. ಆ ತಿಂಗಳು ವಾಯವ್ಯ ಭಾರತದಲ್ಲಿ ಬಿದ್ದ ಮಳೆ, ಹಿಮಗಳ ಒಟ್ಟು ಪ್ರಮಾಣ 1901ರ ನಂತರದ ಎರಡನೆಯ ಅತಿ ಕಡಿಮೆ ಪ್ರಮಾಣವಾಗಿತ್ತು. ತಿಂಗಳ ಕೊನೆಗೆ ಹಿಮ ಬಂತು. ಫೆಬ್ರುವರಿಯಲ್ಲಿ ಅಲ್ಲಿಯೇ ಚಳಿಗಾಲದ ಕ್ರೀಡಾಕೂಟವೂ ನಡೆಯಿತು. ಋತುವಿನ ಕೊನೆಯಲ್ಲಿ ಮೊತ್ತ ಹಾಕಿದವರಿಗೆ ಅಷ್ಟೇನೂ ಕೊರತೆ ಕಾಣದಿರಬಹುದು. ಆದರೆ ಡಿಸೆಂಬರಿನಲ್ಲಿ ಬಿದ್ದು ಗಟ್ಟಿಯಾಗಿ ಹೆಪ್ಪುಗಟ್ಟುವ ಹಿಮ ಬೇರೆ. ಬೇಸಿಗೆಯ ಹೊಸ್ತಿಲಲ್ಲಿ ಬಿದ್ದು ಕೆಲವೇ ವಾರಗಳಲ್ಲಿ ಕರಗಿಹೋಗುವ ಹಿಮ ಬೇರೆ. ಕಠ್ಮಂಡುವಿನ ಅಂತರರಾಷ್ಟ್ರೀಯ ಪರ್ವತಾಭಿವೃದ್ಧಿ ಕೇಂದ್ರವು ಇದೇ ಕಾರಣಕ್ಕೆ ನೆಲದ ಮೇಲೆ ಹಿಮ ಎಷ್ಟು ಕಾಲ ಉಳಿಯಿತು ಎಂಬುದನ್ನು ಉಪಗ್ರಹಗಳ ನೆರವಿನಿಂದ ಲೆಕ್ಕಹಾಕುತ್ತದೆ. 2025ರ ವರದಿಯ ಪ್ರಕಾರ ಆ ಚಳಿಗಾಲದಲ್ಲಿ ಹಿಂದೂಕುಶ ಹಿಮಾಲಯ ಪ್ರದೇಶದಲ್ಲಿ ಹಿಮ ಉಳಿದ ಪ್ರಮಾಣ ವಾಡಿಕೆಗಿಂತ 23.6 ಪ್ರತಿಶತ ಕಡಿಮೆಯಾಗಿದ್ದು, 23 ವರ್ಷಗಳಲ್ಲಿಯೇ ಅತಿ ಕೆಳಮಟ್ಟದ್ದಾಗಿತ್ತು.

ಇನ್ನು ಮಲೆನಾಡಿಗೆ ಬರೋಣ. ಮುಳ್ಳಯ್ಯನಗಿರಿಯ ಎತ್ತರ 1,900 ಮೀಟರಿಗೂ ಮಿಕ್ಕಿದ್ದರೂ ಅಲ್ಲಿ ಹಿಮ ಬೀಳುವುದಿಲ್ಲ. ಬೇಸಿಗೆಯ ಮೊದಲ ಮಳೆಯಲ್ಲಿ ಆಲಿಕಲ್ಲು ಸುರಿದು ಕಾಫಿತೋಟದ ನೆಲ ಬೆಳ್ಳಗಾದಾಗ ‘ಕೊಡಗಿನಲ್ಲಿ ಹಿಮಪಾತ’ ಎಂಬ ಶೀರ್ಷಿಕೆಯೊಂದಿಗೆ ಚಿತ್ರಗಳು ಓಡಾಡುವುದುಂಟು, ಅದು ಹಿಮಪಾತವಲ್ಲ. ಈ ಗೊಂದಲಕ್ಕೆ ಭಾಷೆಯ ಪಾಲೂ ಇದೆ. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಕಣಿವೆಯ ಕಾವಳಕ್ಕೂ ಹುಲ್ಲಿನ ಮೇಲಿನ ಇಬ್ಬನಿಗೂ ಹಿಮಾಲಯದ ಹಿಮಕ್ಕೂ ಬಳಕೆಯಾಗುತ್ತದೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ದಾಖಲೆಯ ಪುಸ್ತಕದಲ್ಲಿ ‘ಇಂದು ಮಂಜು ಇತ್ತು’ ಎಂದು ಬರೆದರೆ ಇಪ್ಪತ್ತು ವರ್ಷಗಳ ನಂತರ ಓದುವವರಿಗೆ ಏನೂ ತಿಳಿಯದು. ಎಲೆಯ ಮೇಲೆ ನೀರು ಕೂಡಿತ್ತೇ, ಎದುರಿನ ಗುಡ್ಡ ಕಾಣದಷ್ಟು ಕಾವಳ ಕವಿದಿತ್ತೇ, ಅದು ಎಷ್ಟು ಗಂಟೆಗೆ ತಿಳಿಯಾಯಿತು ಎಂದು ಬಿಡಿಸಿ ಬರೆಯಬೇಕು.

ಮಲೆನಾಡಿನ ಚಳಿ ಹುಟ್ಟುವ ಬಗೆಯನ್ನು ತಿಳಿದರೆ ಏನನ್ನು ದಾಖಲಿಸಬೇಕೆಂಬುದೂ ತಿಳಿಯುತ್ತದೆ. ಆಕಾಶ ಶುಭ್ರವಾಗಿ, ಗಾಳಿ ಒಣಗಿ, ನಿಶ್ಚಲವಾಗಿರುವ ರಾತ್ರಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಕಳೆದುಕೊಳ್ಳುತ್ತದೆ. ನೆಲವನ್ನು ಸೋಂಕಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಇಳಿದು ಗದ್ದೆಯ ಬಯಲಿನಲ್ಲಿ ತುಂಬಿಕೊಳ್ಳುತ್ತದೆ. ಗುಡ್ಡದ ಮೇಲಿನ ಮನೆಗಿಂತ ಕೆಳಗಿನ ಗದ್ದೆಯ ಅಂಚಿನ ಮನೆಯಲ್ಲಿ ಮುಂಜಾವಿನ ಚಳಿ ಹೆಚ್ಚಿರುವುದು ಇದರಿಂದಲೇ. ಮೋಡ ಕವಿದರೆ ಅದೇ ಕಂಬಳಿಯಂತೆ ನೆಲದ ಶಾಖವನ್ನು ತಡೆದು ಹಿಡಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದ ವಾರದಲ್ಲಿ ಮಲೆನಾಡಿನ ಚಳಿ ಏಕಾಏಕಿ ಮಾಯವಾಗುವುದಕ್ಕೆ ಇದೇ ಕಾರಣ. ಆದುದರಿಂದ ಉಷ್ಣಾಂಶದ ಜೊತೆಗೆ ರಾತ್ರಿಯ ಆಕಾಶ ಹೇಗಿತ್ತೆಂದು ಬರೆಯದಿದ್ದರೆ ಅರ್ಧ ಮಾತ್ರ ಬರೆದಂತೆ. ಒಂದು ಡಿಸೆಂಬರ್ ಬೆಚ್ಚಗಿತ್ತೆಂದರೆ ಅದು ಮೋಡದ ರಾತ್ರಿಗಳು ಹೆಚ್ಚಿದ್ದರಿಂದಲೋ ಅಥವಾ ಶುಭ್ರ ರಾತ್ರಿಗಳೇ ಹಿಂದಿನಷ್ಟು ತಣ್ಣಗಾಗುತ್ತಿಲ್ಲವೋ? ಎರಡೂ ಬೇರೆ ಬೇರೆ ಸಂಗತಿಗಳು.

ರಾತ್ರಿಯ ವಿಷಯಕ್ಕೆ ಹೆಚ್ಚು ಒತ್ತು ಕೊಡಲು ಕಾರಣವಿದೆ. 2024ನೇ ಇಸವಿ ಭಾರತದಲ್ಲಿ 1901ರ ನಂತರದ ಅತಿ ಬಿಸಿಯ ವರ್ಷವೆಂದು ಹವಾಮಾನ ಇಲಾಖೆ ಘೋಷಿಸಿತು. ಆ ವರ್ಷ ದೇಶದ ಗರಿಷ್ಠ ಉಷ್ಣಾಂಶದ ಸರಾಸರಿ ವಾಡಿಕೆಗಿಂತ 0.20 ಡಿಗ್ರಿ ಮಾತ್ರ ಹೆಚ್ಚಾಗಿತ್ತು. ಕನಿಷ್ಠ ಉಷ್ಣಾಂಶದ ಸರಾಸರಿ ಮಾತ್ರ 0.90 ಡಿಗ್ರಿಯಷ್ಟು ಹೆಚ್ಚಾಗಿತ್ತು. ಅಂದರೆ ಏರಿಕೆಯ ದೊಡ್ಡ ಪಾಲು ಜನ ಮಲಗಿರುವ ಹೊತ್ತಿನಲ್ಲಿ ನಡೆದಿದೆ. ಜಗಲಿಯ ಮೇಲಿನ ಹಿರಿಯರು ‘ಚಳಿ ಇಲ್ಲ’ ಎನ್ನುವಾಗ ಅವರು ಹೇಳುತ್ತಿರುವುದು ಬಹುಶಃ ಇದನ್ನೇ. ಅವರ ಊರಿನ ಮಟ್ಟಿಗೆ ಅದನ್ನು ಸಾಬೀತುಪಡಿಸುವ ಅಂಕಿಗಳು ಮಾತ್ರ ಇಲ್ಲ.

ಇಲ್ಲಿ ‘ವಾಡಿಕೆ’ ಎಂಬ ಪದದ ಕುರಿತೂ ಹೇಳಬೇಕು. ಹವಾಮಾನ ಶಾಸ್ತ್ರದಲ್ಲಿ ವಾಡಿಕೆಯೆಂದರೆ ಗೊತ್ತಾದ ಕೆಲವು ದಶಕಗಳ ಸರಾಸರಿ. ಉಷ್ಣಾಂಶಕ್ಕೆ ಸಾಮಾನ್ಯವಾಗಿ ಮೂವತ್ತು ವರ್ಷಗಳು. ಅವುಗಳನ್ನು ಹತ್ತು ವರ್ಷಗಳಿಗೊಮ್ಮೆ ಮುಂದಕ್ಕೆ ಸರಿಸುತ್ತಾರೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಸರಾಸರಿ. ಅಂದರೆ ಈಗಾಗಲೇ ಬಿಸಿಯಾದ ಮೂವತ್ತು ವರ್ಷಗಳನ್ನೇ ಅಳತೆಗೋಲಾಗಿಸಿಕೊಂಡು ಅದರ ಮೇಲೆ 0.90 ಡಿಗ್ರಿ ಏರಿದೆಯೆಂದು ಹೇಳಲಾಗುತ್ತಿದೆ. ಮಳೆಯಲ್ಲಿಯೂ ಹಾಗೆಯೇ. ದೇಶದ ಮುಂಗಾರಿನ ವಾಡಿಕೆ 2022ರವರೆಗೆ 1961–2010ರ ಸರಾಸರಿಯಾದ 880.6 ಮಿಲಿಮೀಟರ್ ಆಗಿತ್ತು. ಆ ವರ್ಷ ಅದನ್ನು 1971–2020ರ ಸರಾಸರಿಗೆ ಬದಲಾಯಿಸಿದಾಗ 868.6 ಆಯಿತು. 875 ಮಿಲಿಮೀಟರ್ ಮಳೆಯಾದ ವರ್ಷವೊಂದು ಹಳೆಯ ಲೆಕ್ಕದಲ್ಲಿ ವಾಡಿಕೆಗಿಂತ ಕಡಿಮೆ, ಹೊಸ ಲೆಕ್ಕದಲ್ಲಿ ವಾಡಿಕೆಗಿಂತ ಹೆಚ್ಚು. ಇದರಲ್ಲಿ ಮೋಸವೇನೂ ಇಲ್ಲ, ಶಾಸ್ತ್ರದ ಕ್ರಮವೇ ಹಾಗಿದೆ. ಆದರೆ ‘ವಾಡಿಕೆಯಂತೆ ಚಳಿ’ ಎಂಬ ಸುದ್ದಿಯನ್ನು ಓದಿದವರು ಅದು ಯಾವ ವರ್ಷಗಳ ವಾಡಿಕೆಯೆಂದು ಕೇಳಲೇಬೇಕು. ಎಪ್ಪತ್ತು ವರ್ಷದ ರೈತನ ವಾಡಿಕೆ ಮತ್ತು ಇಲಾಖೆಯ ವಾಡಿಕೆ ಬೇರೆ ಬೇರೆ ಕಾಲದವು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿರಬಹುದು.

ಋತುಗಳ ಗಡಿಯೂ ಇಂಥದೇ. ಇಲಾಖೆಯ ಪಟ್ಟಿಯಲ್ಲಿ ಚಳಿಗಾಲವೆಂದರೆ ಜನವರಿ ಮತ್ತು ಫೆಬ್ರುವರಿ. ಡಿಸೆಂಬರನ್ನು ಅಕ್ಟೋಬರ್ ಮತ್ತು ನವೆಂಬರಿನೊಡನೆ ಹಿಂಗಾರಿಗೆ ಸೇರಿಸುತ್ತಾರೆ. ಮಲೆನಾಡಿನ ರೈತನಿಗೆ ಅತಿ ಮುಖ್ಯವಾದ ಡಿಸೆಂಬರ್ ಹೀಗೆ ಮೂರು ತಿಂಗಳ ಮೊತ್ತದಲ್ಲಿ ಮುಳುಗಿಹೋಗುತ್ತದೆ. ಅಕ್ಟೋಬರಿನಲ್ಲಿ ಮಳೆ ಕಡಿಮೆಯಾಗಿ ಡಿಸೆಂಬರಿನಲ್ಲಿ ಸುರಿದರೆ ಮೊತ್ತವು ‘ವಾಡಿಕೆಯಷ್ಟು’ ಎಂದೇ ತೋರುತ್ತದೆ. ಆದರೆ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಗೆ ಮೊತ್ತ ತಿಳಿಯದು.

ಪಣಕ್ಕೊಡ್ಡಿರುವುದು ಇದೇ. ಚಾಲಿ ಅಡಿಕೆಗೆ ಸುಮಾರು ನಲವತ್ತು ದಿನಗಳ ಬಿಸಿಲು ಬೇಕು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ನಡೆದು, ಅದರ ಬೆನ್ನಿಗೆ ರೊಬಸ್ಟಾ ಬರುತ್ತದೆ. ಗದ್ದೆಯ ಭತ್ತ ಕೊಯ್ದು ಹರಡುವುದೂ ಇದೇ ದಿನಗಳಲ್ಲಿ. ಇಡೀ ವರ್ಷದ ಆದಾಯವನ್ನು ಬಯಲಿನಲ್ಲಿ ಹರಡಿಟ್ಟು ಆಕಾಶವನ್ನು ನಂಬಿ ಕುಳಿತುಕೊಳ್ಳುವ ಎರಡು ತಿಂಗಳುಗಳಿವು. 2021ರ ಜನವರಿಯ ಮೊದಲ ವಾರ ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಮಳೆ ಸುರಿದು, ಕಣದಲ್ಲಿದ್ದ ಅರೇಬಿಕಾ ಒದ್ದೆಯಾಯಿತು. ಗಿಡದಲ್ಲಿ ಹಣ್ಣಿರುವಾಗಲೇ ರೊಬಸ್ಟಾ ಹೂಬಿಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ದಕ್ಷಿಣ ಭಾರತದಲ್ಲಿ ವಾಡಿಕೆಯ ಎರಡು ಪಟ್ಟಿಗೂ ಮಿಕ್ಕ ಮಳೆಯಾಗಿ, ಹಣ್ಣಾದ ಕಾಫಿ ಗಿಡದಲ್ಲಿಯೇ ಬಿರಿದು ಉದುರಿತು. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಚಂಡಮಾರುತ ಬಂತು. 2024ರಲ್ಲಿ ಫೆಂಗಲ್ ಪುದುಚೇರಿಯ ಬಳಿ ನೆಲಕ್ಕೆ ಅಪ್ಪಳಿಸಿ, ಅದರ ಶೇಷ ಡಿಸೆಂಬರ್ ಆರಂಭದಲ್ಲಿ ಕರ್ನಾಟಕವನ್ನು ದಾಟಿ ಅರಬ್ಬೀ ಸಮುದ್ರ ಸೇರಿತು. ಫೆಬ್ರುವರಿ–ಮಾರ್ಚಿನ ಹೂಮಳೆ ಕಾಫಿಗೆ ವರ. ಅದೇ ಮಳೆ ಜನವರಿಯಲ್ಲಿ ಬಂದರೆ ಶಾಪ. ಇನ್ನು ಅಪ್ಪೆಮಿಡಿಯ ಮರಗಳು ಹೂಬಿಡುವ ಹೊತ್ತಿಗೆ ಮೋಡ ಕವಿದು ಕಾವಳ ನಿಂತರೆ ಬೂದಿರೋಗವೂ ಜಿಗಿಹುಳುವೂ ಸೇರಿ ಹೂವನ್ನು ಕಪ್ಪಾಗಿಸುತ್ತವೆ.

ಈ ನಾಲ್ಕಾರು ಘಟನೆಗಳಿಂದಲೇ ‘ಚಳಿಗಾಲದ ಮಳೆ ಹೆಚ್ಚಾಗಿದೆ’ ಎಂದು ತೀರ್ಮಾನಿಸುವುದು ಆತುರವಾದೀತು. ಬಂಗಾಳ ಕೊಲ್ಲಿಯ ಚಂಡಮಾರುತಗಳು ಹಿಂದೆಯೂ ಡಿಸೆಂಬರಿನಲ್ಲಿ ಬಂದಿವೆ. ಹೆಚ್ಚಾಗಿದೆಯೇ ಇಲ್ಲವೇ ಎಂಬುದಕ್ಕೆ ಉತ್ತರ ಊರೂರಿನ ಹಳೆಯ ಲೆಕ್ಕದಲ್ಲಿರಬೇಕು. ಆಶ್ಚರ್ಯವೆಂದರೆ ಮಲೆನಾಡಿನಲ್ಲಿ ಅಂಥ ಲೆಕ್ಕ ಇದೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರು, ಕೊಪ್ಪದ ಕಡೆಯ ಎಷ್ಟೋ ಕಾಫಿತೋಟಗಳ ಬರವಣಿಗೆ ಮೇಜಿನ ಖಾನೆಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆಪುಸ್ತಕಗಳಿವೆ. ಅವು ಇಂಚು ಮತ್ತು ಸೆಂಟುಗಳಲ್ಲಿವೆ. ಒಂದು ಇಂಚಿಗೆ ನೂರು ಸೆಂಟು. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಈ ಗುಣಾಕಾರ ತಿಳಿದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಐವತ್ತು ಡಿಸೆಂಬರುಗಳ ಮಳೆಯನ್ನು ಒಂದು ರಜೆಯಲ್ಲಿ ಪಟ್ಟಿ ಮಾಡಬಲ್ಲ. ತೋಟ ಕೈಬದಲಾದಾಗ, ಹಳೆಯ ಮನೆ ಕೆಡವಿದಾಗ ಈ ಪುಸ್ತಕಗಳು ರದ್ದಿಗೆ ಹೋಗುತ್ತವೆ, ಇಲ್ಲವೇ ಗೆದ್ದಲಿಗೆ. ಅವುಗಳ ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದಕ್ಕೆ ಖರ್ಚೇನೂ ಇಲ್ಲ. ಮಲೆನಾಡಿನ ಶಾಲೆಗಳ ಇಕೋ ಕ್ಲಬ್ಬುಗಳು ಸಸಿ ನೆಡುವ ಸಮಾರಂಭದ ಜೊತೆಗೆ ಇದನ್ನೂ ಕೈಗೆತ್ತಿಕೊಳ್ಳಬಹುದು.

ಮಳೆಯ ಲೆಕ್ಕ ಇರುವಷ್ಟು ಉಷ್ಣಾಂಶದ ಲೆಕ್ಕ ಇಲ್ಲ. ಅದನ್ನು ಈಗಲೇ ಆರಂಭಿಸಬೇಕು. ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ಗುರುತಿಟ್ಟುಕೊಳ್ಳುವ ಥರ್ಮಾಮೀಟರ್ ದುಬಾರಿಯಲ್ಲ. ಅದನ್ನು ಎಲ್ಲಿ ತೂಗುಹಾಕುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗೋಡೆಗೆ ತಗುಲಿಸಿದರೆ ಗೋಡೆಯ ಶಾಖ, ಒಲೆಯ ಬಳಿಯಿದ್ದರೆ ಒಲೆಯ ಶಾಖ, ತಗಡಿನ ಮಾಡಿನಡಿ ಇದ್ದರೆ ತಗಡಿನದು. ಇಲಾಖೆಯವರು ಅದನ್ನು ಗಾಳಿಯಾಡುವ ಸೀಳುಗಳಿರುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಹುಲ್ಲಿನ ಬಯಲಿನಲ್ಲಿಡುತ್ತಾರೆ. ಊರಿನ ಬಡಗಿಯೂ ಅಂಥ ಪೆಟ್ಟಿಗೆಯನ್ನು ಮಾಡಿಕೊಡಬಲ್ಲ. ಒಮ್ಮೆ ಇಟ್ಟ ಜಾಗವನ್ನು ಬದಲಾಯಿಸಬಾರದು. ಬದಲಾಯಿಸಲೇಬೇಕಾದರೆ ಆ ದಿನಾಂಕವನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು. ಜಾಗ ಬದಲಾದದ್ದನ್ನು ಹವಾಮಾನ ಬದಲಾಯಿತೆಂದು ಓದಿದ ಉದಾಹರಣೆಗಳು ದೊಡ್ಡ ದೊಡ್ಡ ಸಂಶೋಧನೆಗಳಲ್ಲಿಯೂ ಇವೆ. ಓದುವ ಹೊತ್ತು ಪ್ರತಿದಿನ ಬೆಳಿಗ್ಗೆ ಎಂಟೂವರೆ. ದೇಶದ ಎಲ್ಲ ಕೇಂದ್ರಗಳ ಹೊತ್ತೂ ಅದೇ ಆದುದರಿಂದ ಹೋಲಿಕೆ ಸುಲಭ.

ಸರ್ಕಾರದ ಯಂತ್ರಗಳು ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ಬರುವುದು ಸಹಜ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವುದು ದೇಶದಲ್ಲಿಯೇ ದೊಡ್ಡ ಕೆಲಸ. ಆದರೆ ಅವುಗಳ ವಯಸ್ಸು ಚಿಕ್ಕದು. ಹೋಲಿಸಲು ಬೇಕಾದ ಹಿಂದಿನ ಕಾಲ ಅವುಗಳ ಬಳಿ ಇಲ್ಲ. ಮತ್ತೊಂದು ಕಾರಣ ಹಣದ್ದು. ಅಡಿಕೆ, ಕಾಳುಮೆಣಸುಗಳಿಗೆ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ನಿರ್ಧಾರವಾಗುವುದು ಈ ಮಾಪಕಗಳ ಅಂಕಿಗಳಿಂದ; ತೋಟಕ್ಕೆ ಬಂದು ನೋಡಿ ಯಾರೂ ಪರಿಹಾರ ಕೊಡುವುದಿಲ್ಲ. ಪಂಚಾಯಿತಿಯ ಮಾಪಕ ಕೆಟ್ಟು ನಿಂತ ದಿನಗಳಲ್ಲಿ ಪಕ್ಕದ ಊರಿನ ಅಂಕಿ ಬರುತ್ತದೆ. ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆಗೆ ಬಿದ್ದ ಮಳೆ ಆಚೆಗೆ ಇರುವುದಿಲ್ಲ ಎಂಬುದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಊರಿನವರ ಕೈಬರಹದ ಪುಸ್ತಕ ವಿಮಾ ಕಂಪನಿಯ ಮುಂದೆ ಅಧಿಕೃತ ಸಾಕ್ಷಿಯಾಗದಿರಬಹುದು. ಆದರೆ ಮಾಪಕ ಯಾವ ದಿನ ನಿಂತಿತ್ತು, ಆ ದಿನ ಊರಿನಲ್ಲಿ ಎಷ್ಟು ಮಳೆಯಿತ್ತು ಎಂದು ದಿನಾಂಕ ಸಮೇತ ಕೇಳುವ ಗ್ರಾಮಸಭೆಗೂ, ‘ನಮಗೆ ಅನ್ಯಾಯವಾಗಿದೆ’ ಎಂದಷ್ಟೇ ಹೇಳುವ ಗ್ರಾಮಸಭೆಗೂ ವ್ಯತ್ಯಾಸವಿದೆ.

ಪುಸ್ತಕ ಬರೆಯಲು ಹೊರಟವರು ಒಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಳೆಯ ಮಳೆಪುಸ್ತಕಗಳನ್ನು ಓದುವವರಿಗೆ ಎದುರಾಗುವ ದೊಡ್ಡ ಕಷ್ಟ ತಪ್ಪು ಅಂಕಿಗಳದ್ದಲ್ಲ, ಖಾಲಿ ಜಾಗಗಳದ್ದು. ಡಿಸೆಂಬರಿನ ಹತ್ತು ದಿನಗಳ ಕಾಲಂ ಖಾಲಿಯಿದ್ದರೆ ಮಳೆ ಬರಲಿಲ್ಲವೋ, ಬರೆಯುವವರು ಮದುವೆಮನೆಗೆ ಹೋಗಿದ್ದರೋ ತಿಳಿಯುವುದಿಲ್ಲ. ಮಳೆ ಬಾರದ ದಿನ ಸೊನ್ನೆಯೆಂದು ಬರೆಯಬೇಕು. ನೋಡಲಾಗದ ದಿನ ‘ನೋಡಿಲ್ಲ’ ಎಂದು ಬರೆಯಬೇಕು.